ಗುರುಪರಂಪರೆಗೆ ತಿಥಿಯ ಸಾಕ್ಷಿ

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭು ಸಂಸ್ಥಾನದ ಪೀಠವೇರಿದವರ ಸಾಲು ಸಣ್ಣದು: ಮಾಣಿಕಪ್ರಭು, ಮನೋಹರ, ಮಾರ್ತಾಂಡ, ಶಂಕರ, ಸಿದ್ಧರಾಜ, ಈಗ ಜ್ಞಾನರಾಜ. ಭಕ್ತರು ಈ ಹೆಸರುಗಳನ್ನು ತಡವರಿಸದೆ ಹೇಳುತ್ತಾರೆ. ಹೆಸರುಗಳು ಹೀಗೆ ಬಾಯಿಂದ ಬಾಯಿಗೆ ಸಾಗಿ ಬರಬಹುದು. ಆದರೆ ಯಾರು ಯಾವ ವರ್ಷ ಪೀಠದಲ್ಲಿದ್ದರು ಎಂಬುದು ಗಟ್ಟಿಯಾಗಬೇಕಾದರೆ ಲೆಕ್ಕ ಬೇಕು. ಆ ಲೆಕ್ಕಕ್ಕೆ ನಮ್ಮ ಹಿರಿಯರು ಬಿಟ್ಟುಹೋಗಿರುವ ದೊಡ್ಡ ಸಾಧನ ಪಂಚಾಂಗ.

ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ ಮಾಣಿಕಪ್ರಭುಗಳು ಹುಟ್ಟಿದ್ದು ದತ್ತ ಜಯಂತಿಯಂದು, ಅಂದರೆ ಮಾರ್ಗಶಿರ ಹುಣ್ಣಿಮೆಯ ದಿನ. ಇಂಗ್ಲಿಷ್ ತಾರೀಖಿನಲ್ಲಿ ಅದು 1817ರ ಡಿಸೆಂಬರ್ 22. ಅವರು ಸಮಾಧಿಸ್ಥರಾದದ್ದು ಮಾರ್ಗಶಿರ ಶುದ್ಧ ಏಕಾದಶಿ, 1865ರ ನವೆಂಬರ್ 29. ಈ ಎರಡು ತಾರೀಖುಗಳೂ ತಿಥಿಗಳೂ ಒಂದಕ್ಕೊಂದು ಹೊಂದುತ್ತವೆಯೇ? ಇದನ್ನು ಯಾರು ಬೇಕಾದರೂ ಕಾಗದ ಪೆನ್ಸಿಲ್ ಹಿಡಿದು ನೋಡಬಹುದು.

ಎರಡು ತಾರೀಖುಗಳ ನಡುವೆ 17,509 ದಿನಗಳಿವೆ. ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಗೆ ಸರಾಸರಿ 29.53059 ದಿನ. ಅಂಥ 593 ತಿಂಗಳಿಗೆ ಸುಮಾರು 17,511.6 ದಿನ ಬೇಕು. ಅಂದರೆ ಸಮಾಧಿಯ ದಿನ ಬಂದಿರುವುದು ಹುಣ್ಣಿಮೆಗೆ ಎರಡೂವರೆ, ಮೂರು ದಿನ ಮುಂಚೆ. ಪಂಚಾಂಗದ ಪ್ರಕಾರ ಏಕಾದಶಿ ಬರುವುದು ಹುಣ್ಣಿಮೆಗೆ ನಾಲ್ಕು ತಿಥಿ ಮುಂಚೆ. ಚಂದ್ರ ಭೂಮಿಗೆ ಹತ್ತಿರವಿದ್ದಾಗ ವೇಗವಾಗಿ, ದೂರವಿದ್ದಾಗ ನಿಧಾನವಾಗಿ ಚಲಿಸುತ್ತಾನೆ. ಜೊತೆಗೆ ತಿಥಿ ಬೆಳಗ್ಗೆಯೂ ಮುಗಿಯಬಹುದು, ರಾತ್ರಿಯೂ ಮುಗಿಯಬಹುದು. ಹಾಗಾಗಿ ಸರಾಸರಿ ಲೆಕ್ಕದಲ್ಲಿ ಒಂದು ದಿನದಷ್ಟು ಏರುಪೇರು ಇದ್ದೇ ಇರುತ್ತದೆ. ಅಷ್ಟನ್ನು ಬಿಟ್ಟರೆ ಸಂಪ್ರದಾಯ ಹೇಳುವುದೂ ಆಕಾಶ ಹೇಳುವುದೂ ಹೊಂದಿಕೊಂಡಿವೆ. ಜನ್ಮದ ಇಲ್ಲವೇ ಸಮಾಧಿಯ ತಾರೀಖನ್ನು ಯಾರಾದರೂ ಹತ್ತು ದಿನ ತಪ್ಪಾಗಿ ಬರೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿತ್ತು.

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ವಿದ್ವಾಂಸರು ಪರೀಕ್ಷಿಸುವುದೂ ಹೀಗೆಯೇ, ಇನ್ನಷ್ಟು ಬಿಗಿಯಾಗಿ. ಶಾಸನ ಬರೆಯುವವರು ಬರೀ ವರ್ಷ ಬರೆದು ಸುಮ್ಮನಾಗುತ್ತಿರಲಿಲ್ಲ. ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ಸಂಕ್ರಾಂತಿ ಅಥವಾ ಗ್ರಹಣವನ್ನೂ ಸೇರಿಸುತ್ತಿದ್ದರು. ಆರನೇ ವಿಕ್ರಮಾದಿತ್ಯ 1076ರಲ್ಲಿ ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ. ಅದರ ವರ್ಷಕ್ಕೆ 1075 ಕೂಡಿಸಿದರೆ ಕ್ರಿಸ್ತಶಕದ ವರ್ಷ ಸಿಗುತ್ತದೆ. ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರ ಈ ವರ್ಷವನ್ನು ತಾಳೆ ನೋಡಲು ಒದಗುತ್ತದೆ. ವಾರವಂತೂ ಬಹಳ ಕಟ್ಟುನಿಟ್ಟಿನ ಸಾಕ್ಷಿ. ಸುಳ್ಳು ತಾರೀಖಿನಲ್ಲಿ ತಿಥಿಗೆ ವಾರ ಆಕಸ್ಮಿಕವಾಗಿ ಹೊಂದುವ ಸಂಭವ ಏಳರಲ್ಲಿ ಒಂದು. ಗ್ರಹಣವೂ ಸೇರಿದರೆ ಅದು ಇನ್ನೂ ಕಡಿಮೆ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ ಅವರು ಕ್ರಿ.ಶ. 700ರಿಂದ 1799ರವರೆಗಿನ ತಿಥಿಗಳ ಕೋಷ್ಟಕಗಳನ್ನು ಗಣಿಸಿಟ್ಟು ಈ ಪರಿಶೀಲನೆಯನ್ನು ಎಲ್ಲರ ಕೈಗೂ ಎಟುಕಿಸಿದರು. ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು.

ಕಲ್ಯಾಣದ ಅರಸರ ಆಳ್ವಿಕೆಗೆ ಸೇರಿದ್ದ ಬಳ್ಳಿಗಾವೆಯ ಕೋಡಿಯ ಮಠದ ಆಚಾರ್ಯರ ಸಾಲು ನಮಗೆ ತಿಳಿದಿರುವುದು ಇಂಥ ಶಾಸನಗಳಿಂದ. ಇಂದಿನ ಶಿವಮೊಗ್ಗ ಜಿಲ್ಲೆಯ ಆ ಕಾಳಾಮುಖ ಮಠದಲ್ಲಿ ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದವರು ಗುರುಗಳಾಗಿದ್ದರು. ಕಲ್ಯಾಣವನ್ನು ಕೈವಶ ಮಾಡಿಕೊಂಡ ಬಿಜ್ಜಳ ಆ ಮಠಕ್ಕೆ ದತ್ತಿ ಕೊಟ್ಟದ್ದನ್ನು 1162ರ ಶಾಸನ ದಾಖಲಿಸುತ್ತದೆ. ಆಗಿನ ಆಚಾರ್ಯ ವಾಮಶಕ್ತಿ. ವೇದ, ವ್ಯಾಕರಣ, ನ್ಯಾಯಗಳ ಪಾಠ, ಬಡವರಿಗೆ ಅನ್ನ, ರೋಗಿಗಳಿಗೆ ಔಷಧ, ಇವೆಲ್ಲ ಅಲ್ಲಿ ನಡೆಯುತ್ತಿದ್ದವೆಂದು ಅದೇ ಶಾಸನ ಹೇಳುತ್ತದೆ. ಆದರೆ ದಾನಶಾಸನದಿಂದ ತಿಳಿಯುವುದು ಆ ದಿನ ಇಂಥವರು ಪೀಠದಲ್ಲಿದ್ದರು ಎಂಬುದಷ್ಟೇ. ಅವರು ಯಾವಾಗ ಪೀಠವೇರಿದರು, ಯಾವಾಗ ತೀರಿಕೊಂಡರು ಎಂಬುದನ್ನು ಶಾಸನಗಳ ನಡುವಿನ ಅಂತರದಿಂದ ಊಹಿಸಬೇಕು.

ಬಹಳ ಮಂದಿ ಎಡವುವುದು ಈ ಊಹೆಯಲ್ಲಿ. ತಲೆಮಾರಿಗೆ ಇಪ್ಪತ್ತೈದು ವರ್ಷ ಎಂದು ಹಿಡಿದು, ಗುರುಗಳ ಸಂಖ್ಯೆಯಿಂದ ಗುಣಿಸಿ, ಮಠದ ಪ್ರಾಚೀನತೆಯನ್ನು ಘೋಷಿಸಿಬಿಡುತ್ತಾರೆ. ಮಾಣಿಕನಗರದ ಅಂಕಿಗಳನ್ನೇ ನೋಡಿ. 1865ರಿಂದ 2009ರವರೆಗೆ 144 ವರ್ಷ, ಪೀಠಾಧಿಪತಿಗಳು ನಾಲ್ವರು. ಸರಾಸರಿ 36 ವರ್ಷ. ಆದರೆ ಶಂಕರ ಮಾಣಿಕಪ್ರಭುಗಳು ಇದ್ದದ್ದು 1936ರಿಂದ 1945ರವರೆಗೆ, ಒಂಬತ್ತೇ ವರ್ಷ. ಅವರ ನಂತರ ಬಂದ ಸಿದ್ಧರಾಜರು 2009ರವರೆಗೆ, 64 ವರ್ಷ!

ಹೋಲಿಕೆಗೆ ಜರ್ಮನಿಯ ಫುಲ್ಡಾ ಮಠವನ್ನು ನೋಡಿ. ಅದು 744ರಲ್ಲಿ ಸ್ಥಾಪನೆಯಾಯಿತು. ಅಲ್ಲಿನ ಸಂನ್ಯಾಸಿಗಳು 779ರಿಂದ ತಮ್ಮಲ್ಲಿ ತೀರಿಕೊಂಡವರ ಹೆಸರುಗಳನ್ನು ವರ್ಷವಾರು ಬರೆದಿಡುತ್ತ ಬಂದರು. ಹೀಗಾಗಿ ಆ ಮಠಾಧಿಪತಿಗಳ ಕಾಲ ನಮಗೆ ಚೆನ್ನಾಗಿ ಗೊತ್ತು. ಮೊದಲ ಮಠಾಧಿಪತಿ ಸ್ಟುರ್ಮಿ 35 ವರ್ಷ ಇದ್ದ. ನಾಲ್ಕನೆಯವನಾದ ಐಗಿಲ್ 818ರಿಂದ 822ರವರೆಗೆ ಮಾತ್ರ. 842ರವರೆಗಿನ ಐವರ ಸರಾಸರಿ ಸುಮಾರು ಇಪ್ಪತ್ತು. ಎರಡು ಕಡೆಯ ಸರಾಸರಿಗಳ ಈ ವ್ಯತ್ಯಾಸಕ್ಕೆ ಕಾರಣವಿದೆ. ಸಂನ್ಯಾಸಿಗಳು ತಮ್ಮಲ್ಲಿ ಹಿರಿಯನನ್ನು ಆರಿಸಿದರೆ ಅಧಿಕಾರದ ಅವಧಿ ಚಿಕ್ಕದಾಗುತ್ತದೆ. ಪೀಠ ಒಂದೇ ಮನೆತನದಲ್ಲಿ ಇಳಿದು ಬಂದರೆ ಎಳೆಯ ವಯಸ್ಸಿನಲ್ಲೇ ಅದನ್ನು ಏರುವ ಸಂದರ್ಭ ಬರುತ್ತದೆ, ಅವಧಿ ಉದ್ದವಾಗುತ್ತದೆ. ಉತ್ತರಾಧಿಕಾರ ಹೇಗೆ ನಡೆಯುತ್ತಿತ್ತು ಎಂದು ತಿಳಿಯದೆ ಸರಾಸರಿ ಬಳಸುವುದು ಶುದ್ಧ ತಪ್ಪು.

ಬಸವಕಲ್ಯಾಣದ ಶೂನ್ಯ ಸಿಂಹಾಸನದ ವಿಷಯದಲ್ಲಿಯೂ ಈ ಎಚ್ಚರ ಬೇಕು. ಅಲ್ಲಮಪ್ರಭು, ಚನ್ನಬಸವಣ್ಣ, ಸಿದ್ಧರಾಮ ಎಂಬ ಕ್ರಮ ನಮಗೆ ದೊರೆತಿರುವುದು ಶರಣ ಪರಂಪರೆಯಿಂದ ಮತ್ತು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಗಳಿಂದ. ಬಸವಣ್ಣನವರನ್ನು ಹೆಸರಿಸುವ ಅರ್ಜುನವಾಡದ ಶಾಸನವೂ 1260ರದ್ದು. ಆ ಕ್ರಮವನ್ನು ಗೌರವದಿಂದ ಉಳಿಸಿಕೊಳ್ಳೋಣ. ಅದಕ್ಕೆ ಇಸವಿಗಳನ್ನು ನಾವೇ ಅಂಟಿಸುವುದು ಬೇಡ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇಗುಲದ ಗೋಡೆಯಲ್ಲಿ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಬರವಣಿಗೆಯನ್ನೇ ಶಿಲ್ಪವಾಗಿಸಿದ ಸೀಮೆ ನಮ್ಮದು. ಈ ಭಾಗದ ಓದುಗರಲ್ಲಿ ಒಂದು ಕೋರಿಕೆ: ಹೊಲದಲ್ಲೋ ಗುಡಿಯ ಹಿಂದೆಯೋ ಅಕ್ಷರವಿರುವ ಕಲ್ಲು ಕಂಡರೆ ಸುಣ್ಣ, ಆಯಿಲ್ ಪೇಂಟ್ ಬಳಿಯಲು ಬಿಡಬೇಡಿ. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ನಿಮ್ಮೂರ ಮಠದ ಇತಿಹಾಸ ಬರೆಯುವಾಗ ಇಸವಿಯ ಜೊತೆಗೆ ಸಂವತ್ಸರ, ತಿಥಿ, ವಾರಗಳನ್ನೂ ತಪ್ಪದೆ ನಮೂದಿಸಿ.