ಹೊಟ್ಟೆಹುಣ್ಣಿನ ಕ್ರಿಮಿ ಗುಳಿಗೆಗೆ ಬಗ್ಗುತ್ತಿಲ್ಲ

ಅಕ್ಕಲಕೋಟ: 'ಹೊಟ್ಟಿ ಉರಿತದ, ಎರಡು ಗುಳಿಗಿ ಕೊಡ್ರಿ' ಎಂದು ಮೆಡಿಕಲ್‌ಗೆ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಏನಾಗಿದೆ ಅಂದರೆ 'ಪಿತ್ತ ಆಗೇದ' ಅನ್ನುತ್ತೇವೆ, ಇಲ್ಲವೇ ಶೇಂಗಾ ಚಟ್ನಿಯ ಖಾರದ ಮೇಲೆ ತಪ್ಪು ಹೊರಿಸುತ್ತೇವೆ. ಖಾರದಿಂದ ಉರಿ ಹೆಚ್ಚಬಹುದು, ಹುಣ್ಣಾಗುವುದು ಅದರಿಂದಲ್ಲ. ಮುಖ್ಯ ಕಾರಣ ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಕ್ರಿಮಿ, ಮತ್ತು ಮೊಣಕಾಲು, ಸೊಂಟಕ್ಕೆಂದು ದಿನಾ ನುಂಗುವ ನೋವಿನ ಗುಳಿಗೆ.

ಜಠರದ ಆಮ್ಲದಲ್ಲಿ ಕ್ರಿಮಿ ಬದುಕಲಾರದು ಎಂದೇ ವೈದ್ಯರು ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಆದರೂ ಹಲವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಕ್ರಿಮಿ ತುಂಬಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಲ್ಲಿಂದ ಹುಣ್ಣಿಗೆ ಆ್ಯಂಟಿಬಯಾಟಿಕ್ ಚಿಕಿತ್ಸೆ ಶುರುವಾಯಿತು. ಆಮ್ಲ ತಗ್ಗಿಸುವ ಗುಳಿಗೆ, ಕ್ಲಾರಿಥ್ರೋಮೈಸಿನ್, ಜತೆಗೆ ಅಮಾಕ್ಸಿಸಿಲಿನ್ ಇಲ್ಲವೇ ಮೆಟ್ರೊನಿಡಜೋಲ್. ಬಹಳ ವರ್ಷ ಇದು ಚೆನ್ನಾಗಿ ನಡೆಯಿತು. ಆದರೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧ ಬೇಕಾದ ಕ್ರಿಮಿಗಳ ಪಟ್ಟಿ ಮಾಡಿದಾಗ, ಕ್ಲಾರಿಥ್ರೋಮೈಸಿನ್‌ಗೆ ಬಗ್ಗದ ಪೈಲೋರಿಯೂ ಅದರಲ್ಲಿತ್ತು.

ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್‌ನದು ಇನ್ನೂ ಕೆಟ್ಟ ಕಥೆ. ಭೇದಿಯಾದರೂ ಅದೇ, ಆಮಶಂಕೆಯಾದರೂ ಅದೇ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ಕಾನೂನೇನೋ ಇದೆ. ಎರಡು ದಿನದ ಗುಳಿಗೆ ಕತ್ತರಿಸಿ ಕೊಡುವ ಅಂಗಡಿಗಳೂ ಇವೆ. ಭೇದಿ ನಿಲ್ಲುತ್ತದೆ, ಖರೆ. ಅಷ್ಟರಲ್ಲಿ ಜಠರದಲ್ಲಿ ಕುಳಿತ ಪೈಲೋರಿಯಲ್ಲಿ ದುರ್ಬಲವಾದವು ಸತ್ತು, ಔಷಧ ತಡೆದುಕೊಂಡವು ಉಳಿದು ಬೆಳೆಯುತ್ತವೆ. ಕೆಮ್ಮಿಗೆಂದು ನುಂಗುವ ಅಜಿಥ್ರೋಮೈಸಿನ್ ಕೂಡ ಕ್ಲಾರಿಥ್ರೋಮೈಸಿನ್‌ನ ದಾಯಾದಿಯೇ. ಒಂದಕ್ಕೆ ಬಗ್ಗದ ಕ್ರಿಮಿ ಇನ್ನೊಂದಕ್ಕೂ ಬಗ್ಗುವುದಿಲ್ಲ.

ಹೀಗಾಗಿ ಈಗ ನಾಲ್ಕು ಔಷಧ ಕೂಡಿಸಿ 14 ದಿನ ಕೊಡುವುದು ಹೆಚ್ಚುತ್ತಿದೆ: ಆಮ್ಲದ ಗುಳಿಗೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ಬಗ್ಗದ ಔಷಧವನ್ನೇ ಮತ್ತ್ಯಾಕೆ ಎನ್ನಬೇಡಿ. ಪ್ರಮಾಣ ಹೆಚ್ಚಿಸಿ ಬಿಸ್ಮತ್ ಜತೆ ಕೊಟ್ಟರೆ ಅದು ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಕಷ್ಟ ಇರುವುದು 14 ದಿನ ಮುಗಿಸುವುದರಲ್ಲಿ. ಬಾಯೆಲ್ಲ ಕಬ್ಬಿಣ ನೆಕ್ಕಿದಂತೆ, ಮೇಲೆ ವಾಕರಿಕೆ. ಐದನೇ ದಿನಕ್ಕೆ ಉರಿ ತಗ್ಗಿದರೆ 'ಆರಾಮ ಆತು' ಅಂತ ಬಿಟ್ಟುಬಿಡುತ್ತಾರೆ. ಉಳಿದ ಕ್ರಿಮಿ ಮತ್ತೆ ಏಳುತ್ತದೆ, ಈ ಸಲ ಇನ್ನಷ್ಟು ಗಟ್ಟಿಯಾಗಿ.

ಗಡಿಯವರಾದ ನಮ್ಮ ಬಳಿ ಒಂದು ಚೀಟಿ ಸೊಲ್ಲಾಪುರದ್ದು, ಇನ್ನೊಂದು ಕಲಬುರಗಿಯದ್ದು ಇರುತ್ತದೆ. ಡಾಕ್ಟರಿಗೆ ಎರಡನ್ನೂ ತೋರಿಸಿ. ಹಿಂದೆ ತೆಗೆದುಕೊಂಡ ಆ್ಯಂಟಿಬಯಾಟಿಕ್ ನೋಡಿಯೇ ಅವರು ಹೊಸದನ್ನು ಆರಿಸಬೇಕು. ಕೋರ್ಸ್ ಮುಗಿದು ಕನಿಷ್ಠ 4 ವಾರದ ನಂತರ ಉಸಿರು ಅಥವಾ ಮಲದ ಪರೀಕ್ಷೆಯಿಂದ ಕ್ರಿಮಿ ಹೋಯಿತೇ ಎಂದು ಗೊತ್ತಾಗುತ್ತದೆ. ಅದಕ್ಕೆ 2 ವಾರ ಮೊದಲು ಆಮ್ಲದ ಗುಳಿಗೆ ನಿಲ್ಲಿಸಬೇಕಾಗುತ್ತದೆ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ಬಿಸ್ಮತ್ ನುಂಗುವಾಗ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾದ ಕಪ್ಪು ಮಲ, ರಕ್ತದ ವಾಂತಿ, ಕಣ್ಣು ಕತ್ತಲೆ ಬರುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ದವಾಖಾನೆಗೆ ಹೋಗಬೇಕು.