ಬರಹಕ್ಕೆ ಬ್ಲಾಕ್‌ಚೈನ್ ಕಟ್ಟಿದವರ ಕಥೆ

ಬ್ಲಾಕ್‌ಚೈನ್ ಮೇಲೆ ಕಟ್ಟಿದ ಬರಹದ ತಾಣಕ್ಕೆ ಯಜಮಾನರೇ ಇಲ್ಲ ಎನ್ನುವುದುಂಟು. ಈ ಮಾತನ್ನು ಒರೆಗೆ ಹಚ್ಚಲು ಸ್ಟೀಮ್ ಜಾಲದ ಕಥೆ ಸಾಕು. ನೆಡ್ ಸ್ಕಾಟ್ ಮತ್ತು ಡೇನಿಯಲ್ ಲಾರಿಮರ್ ಅದನ್ನು ಶುರುಮಾಡಿದ್ದು 2016ರಲ್ಲಿ. ಅದರ ಮೊದಲ ತಾಣದ ಹೆಸರು ಸ್ಟೀಮಿಟ್.

ಮಾಮೂಲಿ ತಾಣದಲ್ಲಿ ನಿಮ್ಮ ಬರಹ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಖಾತೆ ಮುಚ್ಚಬೇಕೆನಿಸಿದರೆ ಅವರು ಮುಚ್ಚಬಹುದು. ಇಲ್ಲಿ ನೀವು ನಿಮ್ಮ ಗುಪ್ತ ಕೀಲಿಯಿಂದ ಸಹಿ ಹಾಕಿ ಬರಹವನ್ನು ಜಾಲಕ್ಕೆ ಬಿಡುತ್ತೀರಿ. 3 ಸೆಕೆಂಡಿಗೊಂದು ಬ್ಲಾಕ್ ಹುಟ್ಟುತ್ತದೆ, ನಿಮ್ಮ ಬರಹ ಅದರೊಳಗಿನ ಒಂದು ನಮೂದು. ಈ ಬ್ಲಾಕ್‌ಗಳ ಸರಪಳಿಯೇ ಜಾಲದ ಲೆಕ್ಕದ ಪುಸ್ತಕ, ಅದರ ಪ್ರತಿ ಹಲವಾರು ಕಂಪ್ಯೂಟರ್‌ಗಳಲ್ಲಿ ಇರುತ್ತದೆ. ತಾಣವೊಂದು ಬಾಗಿಲು ಹಾಕಿದರೆ ಅದೇ ಬರಹವನ್ನು ಇನ್ನೊಂದು ತಾಣದಲ್ಲಿ ಓದಬಹುದು. ಆದರೆ ಬ್ಲಾಕ್‌ಗೆ ಇಳಿಯುವುದು ಅಕ್ಷರ ಮಾತ್ರ. ಚಿತ್ರಗಳು ಬೇರೆ ಸರ್ವರ್‌ನಲ್ಲಿದ್ದು ಅವುಗಳ ಕೊಂಡಿಯಷ್ಟೇ ಇಲ್ಲಿ ಸೇರುತ್ತದೆ. ಬರೆದದ್ದನ್ನು ತಿದ್ದಬಹುದು, ಹಳೆಯ ರೂಪ ಅಳಿಯುವುದಿಲ್ಲ. ಸಿಟ್ಟಿನಲ್ಲಿ ಬರೆಯುವ ಅಭ್ಯಾಸವಿದ್ದವರು ಒಮ್ಮೆ ಯೋಚಿಸಲಿ.

ಕೀಲಿಗಳೂ ಒಂದಲ್ಲ. ಬರೆಯಲು, ಮತ ಹಾಕಲು ಒಂದು. ಹಣ ಕಳಿಸಲು ಇನ್ನೊಂದು. ಇವೆರಡನ್ನೂ ಬದಲಿಸಬಲ್ಲ ಒಡೆತನದ ಕೀಲಿ ಮತ್ತೊಂದು. ದಿನಬಳಕೆಗೆ ಮೊದಲನೆಯದು ಸಾಕು, ಒಡೆತನದ ಕೀಲಿಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ಸಂಭಾವನೆಯೂ ಉಂಟು. ಜಾಲವೇ ಹೊಸ ನಾಣ್ಯ ಹುಟ್ಟಿಸಿ, 7 ದಿನ ಬಿದ್ದ ಮತಗಳ ಲೆಕ್ಕದಲ್ಲಿ ಬರೆದವರಿಗೂ ಮತ ಹಾಕಿದವರಿಗೂ ಹಂಚುತ್ತದೆ. ಆದರೆ ತಲೆಗೊಂದು ಮತವಲ್ಲ. ಹೆಚ್ಚು ನಾಣ್ಯ ತೊಡಗಿಸಿಟ್ಟವರ ಮತಕ್ಕೆ ಹೆಚ್ಚು ತೂಕ. ನನ್ನ ತಕರಾರು ಇರುವುದು ಇಲ್ಲೇ, ಏಕೆಂದರೆ ಆಡಳಿತವೂ ಇದೇ ತಕ್ಕಡಿಯಲ್ಲಿ ತೂಗುತ್ತದೆ. ಬ್ಲಾಕ್ ತಯಾರಿಸುವವರನ್ನು ‘ವಿಟ್ನೆಸ್’ ಎನ್ನುತ್ತಾರೆ. ಪ್ರತಿ ಸುತ್ತಿಗೆ 21 ಜನ. ಅವರಲ್ಲಿ 20 ಮಂದಿ ಹೆಚ್ಚು ಮತ ಪಡೆದವರು, ಉಳಿದ ಒಂದು ಜಾಗ ಮಿಕ್ಕವರಿಗೆ ಸರದಿಯಂತೆ.

2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಆರಂಭದಲ್ಲೇ ಕಂಪನಿ ತನಗಾಗಿ ಗಣಿ ಮಾಡಿಕೊಂಡಿದ್ದ ನಾಣ್ಯದ ದೊಡ್ಡ ರಾಶಿಯೂ ಅದರೊಂದಿಗೆ ಅವರ ಕೈಸೇರಿತು. ಹೆದರಿದ ವಿಟ್ನೆಸ್‌ಗಳು ಆ ರಾಶಿಗೆ ಬೀಗ ಹಾಕಿದರು. ಮಾರ್ಚ್ 2ರಂದು ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ವಿನಿಮಯ ಕೇಂದ್ರಗಳಲ್ಲಿ ಗ್ರಾಹಕರು ಇಟ್ಟಿದ್ದ ನಾಣ್ಯಗಳೇ ಮತವಾಗಿ ಚಲಾವಣೆಯಾಗಿ, ಮೇಲಿನ 20 ಜಾಗಗಳೂ ಸನ್ ಕಡೆಯ ಹೊಸಬರ ಪಾಲಾದವು. ತಂತ್ರಾಂಶದಲ್ಲಿ ದೋಷವಿರಲಿಲ್ಲ, ಬರೆದಿಟ್ಟ ನಿಯಮದಂತೆಯೇ ಎಲ್ಲ ನಡೆಯಿತು.

ಬಳಕೆದಾರರು ಎಲ್ಲರಿಗೂ ತೆರೆದಿದ್ದ ಕೋಡ್ ಮತ್ತು ಲೆಕ್ಕದ ಪುಸ್ತಕವನ್ನು ನಕಲಿಸಿಕೊಂಡು ಮಾರ್ಚ್ 20ರಂದು ‘ಹೈವ್’ ಎಂಬ ಬೇರೆ ಜಾಲ ತೆರೆದರು. ಖಾತೆ, ಬರಹಗಳು ಜೊತೆಗೆ ಬಂದವು. ಆದರೆ ಕಂಪನಿಯ ರಾಶಿಯನ್ನು ಹೊರಗಿಟ್ಟರು. ಅಂಥದ್ದು ಮರುಕಳಿಸದಿರಲೆಂದು, ಹೊಸದಾಗಿ ತೊಡಗಿಸಿದ ನಾಣ್ಯಕ್ಕೆ ಹೈವ್‌ನ ವಿಟ್ನೆಸ್ ಚುನಾವಣೆಯಲ್ಲಿ ಮೊದಲ 30 ದಿನ ಮತವಿಲ್ಲ.