ದೀಪವಿಲ್ಲದ ಸೈಕಲ್ಲು

ಮುಸ್ಸಂಜೆ ಕಳೆದು ಬೀದಿಯ ದೀಪಗಳು ಹೊತ್ತುವ ವೇಳೆಗೆ ಕಾರು ನಡೆಸುವವರ ಮನಸ್ಸಿನಲ್ಲಿ ಒಂದು ಅಳುಕು ಆರಂಭವಾಗುತ್ತದೆ. ಲಾರಿ, ಬಸ್ಸುಗಳು ದೂರದಿಂದಲೇ ಕಾಣುತ್ತವೆ, ಕೇಳಿಸುತ್ತವೆ. ಕತ್ತಲೊಳಗಿಂದ ಸದ್ದಿಲ್ಲದೆ ಮೂಡಿ ಬರುವ ಸೈಕಲ್ಲಿನದೇ ಭಯ.

ಹಿರಿಯ ವಾಚಕರಿಗೆ ನೆನಪಿರಬಹುದು: 1950–60ರ ದಶಕಗಳಲ್ಲಿ ನಮ್ಮ ನಗರಗಳಲ್ಲಿ ದೀಪವಿಲ್ಲದೆ ಸೈಕಲ್ಲು ತುಳಿದವನನ್ನು ಪೊಲೀಸರು ತಡೆದು ನಿಲ್ಲಿಸುತ್ತಿದ್ದರು, ‘ಡಬಲ್ ರೈಡ್’ ಹೋದವರು ದಂಡ ತೆರಬೇಕಾಗಿತ್ತು. ಮೂಲೆಯಲ್ಲಿ ಪೇದೆಯ ಟೋಪಿ ಕಂಡೊಡನೆ ಹಿಂದೆ ಕುಳಿತವನು ಧುಮುಕಿ, ಏನೂ ಅರಿಯದವನಂತೆ ನಡೆಯತೊಡಗುವುದು ಅಂದಿನ ನಿತ್ಯದ ವಿನೋದ. ಎಣ್ಣೆಯ ದೀಪ ಹೋಗಿ ಡೈನಮೋ ಬಂದಿತು. ಡೈನಮೋ ಮರೆಯಾದ ಮೇಲೆ ಎಷ್ಟೋ ಸೈಕಲ್ಲುಗಳಿಗೆ ದೀಪವೇ ಇಲ್ಲದಾಯಿತು.

ಇಂತಹ ಸವಾರನನ್ನು ಉಡಾಫೆಯವನೆಂದು ಬೈಯುವುದು ಸುಲಭ. ಆದರೆ ಅವನು ಮೋಸಹೋಗುವುದು ತನ್ನ ಕಣ್ಣಿನಿಂದಲೇ. ಎದುರಿನ ಕಾರಿನ ದೀಪ ಅವನಿಗೆ ಬಹುದೂರದಿಂದ ಕಾಣುತ್ತದೆ. ‘ನನಗೆ ಕಾರು ಇಷ್ಟು ಚೆನ್ನಾಗಿ ಕಾಣುತ್ತಿರುವಾಗ ಅದರೊಳಗಿನವನಿಗೆ ನಾನು ಕಾಣದಿರುವೆನೆ?’ ಎಂಬ ನಂಬಿಕೆಯಿಂದ ಮುಂದುವರಿಯುತ್ತಾನೆ. ಚಾಲಕನ ಪಾಲಿಗೆ ಸಂಗತಿ ಬೇರೆ. ಡಿಪ್ಪು ಮಾಡಿದ ದೀಪದಲ್ಲಿ, ಕಪ್ಪು ಅಂಗಿಯ ಸವಾರನ ಇರವು ಗೊತ್ತಾಗುವ ಹೊತ್ತಿಗೆ ಅನೇಕ ವೇಳೆ ಮೂವತ್ತು ಮೀಟರೂ ಉಳಿದಿರುವುದಿಲ್ಲ. ಗಂಟೆಗೆ 40 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ 11 ಮೀಟರು ಓಡುತ್ತದೆ. ಕಂಡದ್ದು ಮನಸ್ಸಿಗೆ ನಾಟಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯಬಹುದು. ಅಂದರೆ ಹದಿನಾರು ಮೀಟರು. ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ ಹತ್ತು ಮೀಟರಾದರೂ ಬೇಕು. ವೇಗ 60ಕ್ಕೆ ಏರಿದರೆ ಒಟ್ಟು ಲೆಕ್ಕ ಐವತ್ತು ಮೀಟರನ್ನು ಸಮೀಪಿಸುತ್ತದೆ. ಆಗ ಎಂತಹ ನಿಪುಣ ಚಾಲಕನೂ ನಿಸ್ಸಹಾಯಕ.

ಎದುರು ದಿಕ್ಕಿನಲ್ಲಿ ತುಳಿಯುವವರದು ಇನ್ನೂ ಕಠಿನ. ಸವಾರನ ವೇಗ 15 ಎಂದಿಟ್ಟುಕೊಳ್ಳೋಣ. ಅವನು ಕಾರಿನ ದಿಕ್ಕಿನಲ್ಲೇ ಸಾಗುತ್ತಿದ್ದರೆ ಇಬ್ಬರ ನಡುವಣ ಅಂತರ ಗಂಟೆಗೆ 25ರಂತೆ ಕರಗುತ್ತದೆ. ಎದುರಿಗೆ ಬಂದರೆ 55ರಂತೆ. ಹಾಗೆ ಬರುವವರೆಲ್ಲ ಹಟಮಾರಿಗಳೂ ಅಲ್ಲ. ರಸ್ತೆಯ ನಡುವೆ ಬಹುದೂರ ವಿಭಜಕ ಕಟ್ಟಿ, ಆಚೆ ಬದಿಯ ಅಂಗಡಿಗೆ ಒಂದು ಕಿಲೋಮೀಟರು ಸುತ್ತಿ ಬಾ ಎಂದರೆ, ಸ್ವಂತ ಕಾಲಿನ ಬಲದಿಂದ ಸಾಗುವವನು ಅಡ್ಡದಾರಿ ಹುಡುಕದಿರುವನೆ? ಕಾರಿನಲ್ಲಿ ಕುಳಿತವರಿಗೆ ಆ ಕಿಲೋಮೀಟರಿನ ತೂಕ ತಿಳಿಯದು.

ಹಾರನ್ನಿನ ಮಾತೂ ಇದೆ. ಬೆನ್ನ ಹಿಂದೆ ಹಠಾತ್ತನೆ ಅದು ಮೊರೆದಾಗ ಸವಾರನು ಬೆಚ್ಚಿ ಬಲಕ್ಕೆ ತಿರುಗಿ ನೋಡುತ್ತಾನೆ. ಕತ್ತು ತಿರುಗಿದತ್ತ ಹ್ಯಾಂಡಲೂ ವಾಲುತ್ತದೆ. ಎಚ್ಚರಿಸಲು ಹೊರಟವರೇ ಅವನನ್ನು ಚಕ್ರದ ಮುಂದಕ್ಕೆ ಕರೆದಂತೆ! ದೂರದಲ್ಲಿರುವಾಗಲೇ ಒಮ್ಮೆ ಮೆಲ್ಲಗೆ ಒತ್ತಿ, ವೇಗ ತಗ್ಗಿಸಿ, ಒಂದೂವರೆ ಮೀಟರಿನಷ್ಟು ಎಡೆಬಿಟ್ಟು ಹಾಯ್ದುಹೋಗುವವರು ವಿರಳ.

ಹಿಂದಿನ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರಿಗಿಂತ ಪೆಡಲುಗಳ ಹಳದಿ ಬಿಲ್ಲೆಗಳು ಬೇಗ ಕಣ್ಣಿಗೆ ಬೀಳುತ್ತವೆ. ಮೇಲೆ ಕೆಳಗೆ ಆಡುವ ಬೆಳಕನ್ನು ಕಂಡೊಡನೆ ಅದು ಸೈಕಲ್ಲೆಂದು ಚಾಲಕನಿಗೆ ಹೊಳೆಯುತ್ತದೆ. ಎರಡಕ್ಕೂ ತಗಲುವ ಖರ್ಚು ಅತ್ಯಲ್ಪ. ನಮ್ಮ ಮನೆಗೆ ಪತ್ರಿಕೆ ತರುವ ಹುಡುಗನ ಸೈಕಲ್ಲಿಗೆ ಇವು ಇವೆಯೆ, ಇದ್ದರೂ ಜೋತುಬಿದ್ದ ಚೀಲ ಮುಚ್ಚಿಬಿಟ್ಟಿದೆಯೆ ಎಂಬುದನ್ನು ನಾಳೆ ನಸುಗತ್ತಲಿರುವಾಗಲೇ ಬಾಗಿಲಲ್ಲಿ ನಿಂತು ನೋಡಬಹುದು.